ಆಕ್ಯುಪೇಶನಲ್ ಥೆರಪಿ ಓದಲು ಹೊರಟವರಿಗೆ: ಪದವಿಯ ಆಯ್ಕೆಯಿಂದ ಮೊದಲ ಕೆಲಸದವರೆಗೆ

ಕಾಯಿಲೆ, ಅಪಘಾತ, ಹುಟ್ಟಿನಿಂದ ಬಂದ ತೊಂದರೆ, ಮಾನಸಿಕ ಅಸ್ವಾಸ್ಥ್ಯ, ಮುಪ್ಪು, ಕಾರಣ ಯಾವುದೇ ಇರಲಿ, ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದ ಸ್ಥಿತಿಗೆ ಬಂದವರು ಅವನ್ನು ಮತ್ತೆ ಮಾಡಿಕೊಳ್ಳುವಂತೆ, ಇಲ್ಲವೇ ಬೇರೊಂದು ವಿಧಾನದಲ್ಲಿ ಮಾಡಿಕೊಳ್ಳುವಂತೆ ನೆರವಾಗುವುದು ಆಕ್ಯುಪೇಶನಲ್ ಥೆರಪಿಸ್ಟರ ವೃತ್ತಿ. ಹಲ್ಲುಜ್ಜುವುದು, ಬಟ್ಟೆ ತೊಡುವುದು, ಅಡುಗೆ ಮಾಡುವುದು, ಶಾಲೆಯಲ್ಲಿ ಬರೆಯುವುದು, ಬಸ್ಸು ಹತ್ತುವುದು, ದೀರ್ಘ ರಜೆಯ ನಂತರ ಕೆಲಸಕ್ಕೆ ಮರಳುವುದು, ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಫಿಸಿಯೊಥೆರಪಿಯೊಂದಿಗೆ ಇದನ್ನು ಬೆರೆಸಿಕೊಳ್ಳುವವರು ಬಹಳ ಮಂದಿ. ಪಾರ್ಶ್ವವಾಯುವಾದ ಒಬ್ಬ ರೋಗಿಯನ್ನು ಊಹಿಸಿಕೊಂಡರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಫಿಸಿಯೊಥೆರಪಿಸ್ಟರು ಮುಖ್ಯವಾಗಿ ಸ್ನಾಯುಗಳ ಬಲ, ಸಮತೋಲ, ನಡಿಗೆ ಇವುಗಳ ಮೇಲೆ ಕೆಲಸ ಮಾಡುತ್ತಾರೆ. ಆಕ್ಯುಪೇಶನಲ್ ಥೆರಪಿಸ್ಟರು ಬೆಳಿಗ್ಗೆ ಅದೇ ರೋಗಿಯ ಮಂಚದ ಪಕ್ಕದಲ್ಲಿ ಕುಳಿತು ಅವರು ಅಂಗಿ ತೊಡುವುದನ್ನು ಗಮನಿಸುತ್ತಾರೆ. ಸೋತ ತೋಳನ್ನು ಮೊದಲು ತೂರಿಸಬೇಕು, ಸರಿಯಿರುವ ತೋಳನ್ನು ಆಮೇಲೆ. ಕಳಚುವಾಗ ಸರಿಯಿರುವ ತೋಳು ಮೊದಲು ಹೊರಬರಬೇಕು. ಆದರೆ ಕೈಯ ಬಲವೊಂದೇ ಇಲ್ಲಿಯ ಪ್ರಶ್ನೆಯಾಗಿರುವುದಿಲ್ಲ. ಮೆದುಳಿನ ಬಲಭಾಗಕ್ಕೆ ಹಾನಿಯಾದವರಲ್ಲಿ ಕೆಲವರು ತಮ್ಮ ಎಡಬದಿಯನ್ನೇ ಮರೆತಂತೆ ಇರುತ್ತಾರೆ, ಎಡತೋಳು ಅಂಗಿಯ ಹೊರಗೇ ಉಳಿದರೂ ಅವರಿಗೆ ಅರಿವಾಗುವುದಿಲ್ಲ. ಇನ್ನು ಕೆಲವರಿಗೆ ಕೈ ಚೆನ್ನಾಗಿಯೇ ಆಡುತ್ತಿದ್ದರೂ ಅಂಗಿಯ ಹಿಂದುಮುಂದು ತಿಳಿಯುವುದಿಲ್ಲ. ಇವೆರಡನ್ನೂ ಗುರುತಿಸಿ, ಪ್ರತಿಯೊಂದಕ್ಕೂ ಬೇರೆ ಉಪಾಯ ಹುಡುಕುವುದು ಈ ಓದಿನಲ್ಲಿ ಕಲಿಯುವ ಮುಖ್ಯ ವಿದ್ಯೆ. ಎರಡು ವೃತ್ತಿಗಳ ಗಡಿ ಕೆಲವೆಡೆ ಮಸುಕಾಗಿದೆ ಎಂಬುದೂ ನಿಜ. ಕೈಯ ಗಾಯಗಳ ಚಿಕಿತ್ಸೆಯನ್ನು ಇಬ್ಬರೂ ಮಾಡುತ್ತಾರೆ.

ಅರ್ಜಿ ಹಾಕುವ ಮೊದಲು

ಜನರಿಗೆ ಸಹಾಯ ಮಾಡುವ ಆಸೆ ಇದೆ ಎಂಬುದು ಈ ಕೋರ್ಸಿಗೆ ಸೇರಲು ಸಾಕಾದ ಕಾರಣವಲ್ಲ. ಆ ಆಸೆಯೇ ಇಲ್ಲಿ ಕೆಲವೊಮ್ಮೆ ಅಡ್ಡಿಯಾಗುತ್ತದೆ. ಕೈ ನಡುಗುವ ಹಿರಿಯರೊಬ್ಬರು ಒಂದು ಗುಂಡಿ ಹಾಕಿಕೊಳ್ಳಲು ಹೆಣಗುತ್ತಿರುವಾಗ ನೋಡುತ್ತ ಕುಳಿತಿರಬೇಕು, ಎಲ್ಲಿ ಬೆರಳು ಜಾರುತ್ತಿದೆ ಎಂದು ಗಮನಿಸಬೇಕು, ಆ ಗುಂಡಿಯನ್ನು ನೀವೇ ಹಾಕಿಬಿಡುವ ಆತುರವನ್ನು ತಡೆದುಕೊಳ್ಳಬೇಕು. ಅವಸರದ ಸ್ವಭಾವದವರಿಗೆ ಇದು ಅಂಗರಚನಾಶಾಸ್ತ್ರದ ಪರೀಕ್ಷೆಗಿಂತಲೂ ಕಷ್ಟ.

ಆದ್ದರಿಂದ ಅರ್ಜಿಗೆ ಮೊದಲೇ ಕೆಲವು ದಿನಗಳ ಮಟ್ಟಿಗಾದರೂ ಥೆರಪಿಸ್ಟರೊಬ್ಬರ ಜೊತೆಗಿದ್ದು ಅವರ ಕೆಲಸವನ್ನು ನೋಡಲು ಅನುಮತಿ ಕೇಳಿ. ಸಾಧ್ಯವಾದರೆ ಒಂದಕ್ಕೊಂದು ಹೋಲದ ಎರಡು ಸ್ಥಳಗಳನ್ನು ಆರಿಸಿಕೊಳ್ಳಿ: ಒಂದು ಆಸ್ಪತ್ರೆಯ ವಾರ್ಡು, ಇನ್ನೊಂದು ಮಕ್ಕಳ ಕೇಂದ್ರ ಅಥವಾ ಮಾನಸಿಕ ಆರೋಗ್ಯದ ಪುನರ್ವಸತಿ ಕೇಂದ್ರ. ಮಕ್ಕಳೊಂದಿಗೆ ಆಡುವ ಕೆಲಸವೆಂದುಕೊಂಡು ಸೇರಿದವರು ಎರಡನೆಯ ವರ್ಷದಲ್ಲಿ ಸ್ನಾನದ ತರಬೇತಿ, ಶೌಚದ ತರಬೇತಿ, ಗಾಲಿಕುರ್ಚಿಯಿಂದ ಮಂಚಕ್ಕೆ ದಾಟಿಸುವುದು ಇವುಗಳನ್ನು ಎದುರಿಸಿದಾಗ ಹಿಂಜರಿಯುವುದುಂಟು. ಅದನ್ನು ಮೊದಲೇ ಕಣ್ಣಾರೆ ಕಂಡಿರುವುದು ಒಳ್ಳೆಯದು. ಸಂದರ್ಶನದಲ್ಲಿಯೂ, ಉದ್ದೇಶಪತ್ರದಲ್ಲಿಯೂ, ದೊಡ್ಡ ಮಾತುಗಳಿಗಿಂತ ಹೀಗೆ ನೋಡಿದ ಒಂದು ನಿರ್ದಿಷ್ಟ ಸಂಗತಿಯನ್ನು ಬಿಡಿಸಿ ಹೇಳಿದವರ ಮಾತಿಗೆ ತೂಕ ಹೆಚ್ಚು.

ಪ್ರವೇಶಕ್ಕೆ ಹೆಚ್ಚಿನ ವಿಶ್ವವಿದ್ಯಾಲಯಗಳು ಜೀವಶಾಸ್ತ್ರವನ್ನೋ ಅದಕ್ಕೆ ಸಮೀಪದ ವಿಜ್ಞಾನ ವಿಷಯವನ್ನೋ ಬಯಸುತ್ತವೆ. ಮನಃಶಾಸ್ತ್ರವನ್ನು ಓದಿದ್ದರೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಕೋರ್ಸನ್ನು ಆರಿಸುವ ಬಗೆ

ಪದವಿಯ ಹಂತ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ವೃತ್ತಿಗೆ ಇಳಿಯಲು ಸ್ನಾತಕೋತ್ತರ ಪದವಿ ಅಥವಾ ವೃತ್ತಿಪರ ಡಾಕ್ಟರೇಟ್ ಬೇಕು. ಬ್ರಿಟನ್, ಆಸ್ಟ್ರೇಲಿಯಾ, ಭಾರತ ಮುಂತಾದೆಡೆ ಸ್ನಾತಕ ಪದವಿಯಿಂದಲೇ ವೃತ್ತಿ ಆರಂಭಿಸಬಹುದು; ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರಿಗಾಗಿ ಸುಮಾರು ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸುಗಳೂ ಇವೆ. ಈಗಾಗಲೇ ಒಂದು ಪದವಿ ಮುಗಿಸಿ ದಾರಿ ಬದಲಿಸಲು ಬಯಸುವವರಿಗೆ ಅದು ಒಳ್ಳೆಯ ಅವಕಾಶವೇ, ಆದರೆ ಅಷ್ಟೇ ಪಾಠ, ಅಷ್ಟೇ ತರಬೇತಿಯನ್ನು ಕಡಿಮೆ ಅವಧಿಯಲ್ಲಿ ಮುಗಿಸಬೇಕಾದ್ದರಿಂದ ಜೊತೆಗೆ ಬೇರೊಂದು ಉದ್ಯೋಗವನ್ನು ನಿಭಾಯಿಸುವುದು ಬಹಳ ಕಷ್ಟ.

ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ನೋಡಬೇಕಾದದ್ದು ಮಾನ್ಯತೆ. 1952ರಲ್ಲಿ ಸ್ಥಾಪನೆಯಾದ ವಿಶ್ವ ಆಕ್ಯುಪೇಶನಲ್ ಥೆರಪಿಸ್ಟರ ಒಕ್ಕೂಟವು ಶಿಕ್ಷಣದ ಕನಿಷ್ಠ ಮಾನದಂಡಗಳನ್ನು ಗೊತ್ತುಪಡಿಸಿದ್ದು, ಅವುಗಳ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಕನಿಷ್ಠ 1000 ಗಂಟೆಗಳ ಮೇಲ್ವಿಚಾರಣೆಯ ಕ್ಷೇತ್ರ ತರಬೇತಿಯನ್ನು ಪೂರೈಸಬೇಕು. ನೀವು ಸೇರಲಿರುವ ಕೋರ್ಸಿಗೆ ಒಕ್ಕೂಟದ ಅನುಮೋದನೆ ಇದೆಯೇ, ನಿಮ್ಮ ದೇಶದ ವೃತ್ತಿ ನಿಯಂತ್ರಣ ಮಂಡಳಿಯ ಮಾನ್ಯತೆ ಇದೆಯೇ ಎಂಬ ಎರಡನ್ನೂ ಬೇರೆ ಬೇರೆಯಾಗಿ ಖಚಿತಪಡಿಸಿಕೊಳ್ಳಿ. ಮಂಡಳಿಯ ಮಾನ್ಯತೆ ಇಲ್ಲದಿದ್ದರೆ ಓದಿ ಮುಗಿಸಿಯೂ ಅಲ್ಲಿ ವೃತ್ತಿ ಮಾಡಲಾಗದೆ ಹೋಗಬಹುದು. ಒಕ್ಕೂಟದ ಅನುಮೋದನೆ ಇಲ್ಲದಿದ್ದರೆ ಮುಂದೆ ಬೇರೆ ದೇಶಕ್ಕೆ ಹೋಗುವಾಗ ತೊಡಕಾಗಬಹುದು. ಹೊಸದಾಗಿ ಆರಂಭವಾದ ಕೋರ್ಸುಗಳಲ್ಲಿ “ಮಾನ್ಯತೆಗೆ ಅರ್ಜಿ ಸಲ್ಲಿಸಲಾಗಿದೆ” ಎಂಬ ಸಾಲು ಕಂಡರೆ ಎಚ್ಚರದಿಂದಿರಿ. ಅರ್ಜಿ ಸಲ್ಲಿಸುವುದು ಒಂದು ಮಾತು, ಮಾನ್ಯತೆ ಸಿಗುವುದು ಇನ್ನೊಂದು.

ಆಮೇಲೆ ಕೇಳಬೇಕಾದದ್ದೆಲ್ಲ ಕ್ಷೇತ್ರ ತರಬೇತಿಯ ಬಗ್ಗೆಯೇ. ತರಬೇತಿಯ ಸ್ಥಳಗಳನ್ನು ವಿಭಾಗವೇ ಒದಗಿಸುತ್ತದೆಯೋ, ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕೋ? ಮಾನಸಿಕ ಆರೋಗ್ಯ, ಮಕ್ಕಳ ವಿಭಾಗ, ನರರೋಗ ವಿಭಾಗ, ಸಮುದಾಯ, ಈ ನಾಲ್ಕರಲ್ಲಿಯೂ ಅವಕಾಶ ಸಿಗುತ್ತದೆಯೇ? ದೂರದ ಊರಿಗೆ ಕಳುಹಿಸಿದರೆ ವಸತಿ ಮತ್ತು ಪ್ರಯಾಣದ ಖರ್ಚು ಯಾರದು? ಕಟ್ಟಡದ ಚೆಂದವನ್ನು ತೋರಿಸುವ ಕೈಪಿಡಿಗಳಲ್ಲಿ ಈ ಉತ್ತರಗಳು ಸಿಗುವುದು ಅಪರೂಪ; ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಓದು ಹೇಗಿರುತ್ತದೆ

ಮೊದಲ ವರ್ಷಗಳಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ನರವಿಜ್ಞಾನ, ಮಾನವನ ಬೆಳವಣಿಗೆ, ಮನಃಶಾಸ್ತ್ರ ಇವು ಒಟ್ಟಿಗೆ ಬರುತ್ತವೆ. ಭುಜದಿಂದ ಬೆರಳ ತುದಿಯವರೆಗಿನ ನರಗಳು ಮತ್ತು ಸ್ನಾಯುಗಳು ಈ ವೃತ್ತಿಯಲ್ಲಿ ದಿನವೂ ಬೇಕಾಗುವುದರಿಂದ, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನ ಚಿತ್ರವನ್ನು ನೋಡದೆ ಬರೆಯುವಷ್ಟು ಅಭ್ಯಾಸ ಮಾಡಿಕೊಳ್ಳಿ. ಸ್ನಾಯುವಿನ ಹೆಸರನ್ನು ಉರುಹೊಡೆಯುವ ಬದಲು, ಆ ಸ್ನಾಯು ಇಲ್ಲದಿದ್ದರೆ ಯಾವ ಕೆಲಸ ನಿಂತುಹೋಗುತ್ತದೆ ಎಂದು ಕೇಳಿಕೊಂಡರೆ ನೆನಪು ಗಟ್ಟಿಯಾಗುತ್ತದೆ. ಮಣಿಕಟ್ಟಿನ ಬಳಿ ಮೀಡಿಯನ್ ನರಕ್ಕೆ ಪೆಟ್ಟಾದವರಿಗೆ ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಎದುರಾಗಿ ತರಲು ಕಷ್ಟವಾಗುತ್ತದೆ, ಬೆರಳ ತುದಿಯ ಸ್ಪರ್ಶವೂ ಕುಂದುತ್ತದೆ. ಹಾಗಾಗಿ ಕಣ್ಣಿನಿಂದ ನೋಡದೆ ಜೇಬಿನೊಳಗಿನ ನಾಣ್ಯವನ್ನು ಎತ್ತುವುದು ಅವರಿಗೆ ಆಗುವುದಿಲ್ಲ.

ಇಡೀ ಓದಿನ ತಿರುಳು ಚಟುವಟಿಕೆಯ ವಿಶ್ಲೇಷಣೆ. ಹಲ್ಲುಜ್ಜುವುದನ್ನೇ ತೆಗೆದುಕೊಳ್ಳಿ. ಟ್ಯೂಬಿನ ಮುಚ್ಚಳ ತಿರುಗಿಸಲು ಹೆಬ್ಬೆರಳು ಮತ್ತು ತೋರುಬೆರಳಿನ ಹಿಡಿತ ಬೇಕು, ಅಷ್ಟು ಹೊತ್ತು ಇನ್ನೊಂದು ಕೈ ಟ್ಯೂಬನ್ನು ಅಲುಗದಂತೆ ಹಿಡಿದಿರಬೇಕು. ಪೇಸ್ಟು ಬೇಕಾದಷ್ಟೇ ಬರುವಂತೆ ಒತ್ತಡವನ್ನು ಅಳೆದು ಹಾಕಬೇಕು. ಬ್ರಷ್ಷು ಬಾಯಿಗೆ ತಲುಪಲು ಮೊಣಕೈ ಮಡಚಬೇಕು, ಮುಂಗೈ ತಿರುಗಬೇಕು. ಒಳಬದಿಯ ಹಲ್ಲುಗಳಿಗೆ ಕನ್ನಡಿಯ ನೆರವೂ ಇಲ್ಲದೆ ಬ್ರಷ್ಷು ಎಲ್ಲಿದೆಯೆಂದು ಕೈಗೇ ತಿಳಿದಿರಬೇಕು. ಬೇಸಿನ್ನಿನ ಮುಂದೆ ನಿಂತಿರುವಷ್ಟು ಸಮತೋಲ ಬೇಕು. ಮೊದಲು ಏನು, ಆಮೇಲೆ ಏನು ಎಂಬ ಕ್ರಮ ನೆನಪಿರಬೇಕು, ಯಾವಾಗ ಸಾಕು ಎಂದು ಗೊತ್ತಾಗಬೇಕು. ನೊರೆಯ ರುಚಿ ಮತ್ತು ಬ್ರಷ್ಷಿನ ಎಳೆಗಳ ಸ್ಪರ್ಶವನ್ನು ಸಹಿಸಿಕೊಳ್ಳುವ ಶಕ್ತಿಯೂ ಬೇಕು.

ಈಗ “ಹಲ್ಲುಜ್ಜಲು ಆಗುವುದಿಲ್ಲ” ಎಂಬ ಒಂದೇ ದೂರಿನ ಮೂವರು ನಿಮ್ಮ ಬಳಿ ಬರುತ್ತಾರೆಂದುಕೊಳ್ಳಿ. ಸಂಧಿವಾತದಿಂದ ಬೆರಳ ಕೀಲುಗಳು ಊದಿಕೊಂಡವರಿಗೆ ದಪ್ಪ ಹಿಡಿಯ ಬ್ರಷ್ಷು, ತಿರುಗಿಸಬೇಕಾಗಿಲ್ಲದ ಮುಚ್ಚಳ, ಅಂಗೈಯಿಂದ ಒತ್ತುವ ಅಭ್ಯಾಸ ಸಾಕಾಗಬಹುದು. ಡಿಮೆನ್ಶಿಯಾ ಇರುವವರಿಗೆ ಕೈ ಸರಿಯಾಗಿಯೇ ಇದೆ, ಕ್ರಮ ತಪ್ಪುತ್ತಿದೆ. ಆದ್ದರಿಂದ ಬೇಸಿನ್ನಿನ ಬಳಿ ಬ್ರಷ್ಷು ಮತ್ತು ಪೇಸ್ಟು ಬಿಟ್ಟು ಬೇರೇನೂ ಇಲ್ಲದಂತೆ ಮಾಡಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡುವಂತೆ ಮನೆಯವರಿಗೆ ಕಲಿಸಬೇಕು. ಸ್ಪರ್ಶವನ್ನು ಸಹಿಸದ ಆಟಿಸಂ ಇರುವ ಮಗುವಿಗೆ ಮೃದುವಾದ ಎಳೆಗಳು, ರುಚಿಯಿಲ್ಲದ ಪೇಸ್ಟು, ದಿನದಿಂದ ದಿನಕ್ಕೆ ತುಸು ಹೆಚ್ಚುವ ಅವಧಿ, ಗೋಡೆಯ ಮೇಲೆ ಚಿತ್ರಗಳ ಸಾಲು ನೆರವಾಗಬಹುದು. ಈ ಬಗೆಯ ವಿಶ್ಲೇಷಣೆಯನ್ನು ವಾರಕ್ಕೆ ಒಂದು ಕೆಲಸದಂತೆ ಬರೆದುಕೊಂಡು ಬಂದ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಬರುವ ರೋಗಿಯ ವಿವರಗಳು ಹೆದರಿಸುವುದಿಲ್ಲ.

ಅಳತೆಯ ಸಾಧನಗಳನ್ನು ಕಲಿಯುವಾಗ ಅವು ಏನನ್ನು ಅಳೆಯುವುದಿಲ್ಲ ಎಂಬುದನ್ನೂ ಕಲಿಯಿರಿ. 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕವು ಊಟ, ಸ್ನಾನ, ಶೌಚ, ನಡಿಗೆ ಮುಂತಾದ ಹತ್ತು ಅಂಶಗಳಿಗೆ ಒಟ್ಟು 100 ಅಂಕಗಳನ್ನು ಕೊಡುತ್ತದೆ. ಪೂರ್ತಿ 100 ಬಂದವರೂ ಅಡುಗೆ ಮಾಡಲು, ಲೆಕ್ಕಪತ್ರ ನೋಡಿಕೊಳ್ಳಲು ಅಸಮರ್ಥರಾಗಿರಬಹುದು. ಕೆನಡಾದಲ್ಲಿ ರೂಪುಗೊಂಡ, ಸಿ.ಓ.ಪಿ.ಎಂ. ಎಂದು ಕರೆಯುವ ಇನ್ನೊಂದು ಸಾಧನದಲ್ಲಿ ರೋಗಿಯೇ ತನಗೆ ಮುಖ್ಯವಾದ ಕೆಲಸಗಳನ್ನು ಹೆಸರಿಸಿ, ಅವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ, ಎಷ್ಟು ತೃಪ್ತಿ ಇದೆ ಎಂದು 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಎರಡು ಅಂಕಗಳ ಏರಿಕೆಯನ್ನು ಸಾಮಾನ್ಯವಾಗಿ ಗಮನಾರ್ಹ ಬದಲಾವಣೆಯೆಂದು ಪರಿಗಣಿಸುತ್ತಾರೆ. ವಿದ್ಯಾರ್ಥಿಗಳಿಗೆ ಮೊದಲನೆಯದು ಸುಲಭವೆನಿಸುತ್ತದೆ, ಆದರೆ ಚಿಕಿತ್ಸೆಯ ಗುರಿ ಹೊಳೆಯುವುದು ಹೆಚ್ಚಾಗಿ ಎರಡನೆಯದರಿಂದ.

ಕೈಯಿಂದ ಮಾಡುವ ಪಾಠಗಳೂ ಇವೆ. ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆಯಾದ ಸ್ಪ್ಲಿಂಟ್ ತಯಾರಿಸುವ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ತೇವ ಒರೆಸಿ, ಶಾಖವನ್ನು ಮೊದಲು ತಮ್ಮ ಚರ್ಮದ ಮೇಲೆ ಪರೀಕ್ಷಿಸಿ, ಆಮೇಲೆ ರೋಗಿಯ ಕೈಮೇಲೆ ಅಚ್ಚು ತೆಗೆಯುತ್ತಾರೆ. ಅದು ಗಟ್ಟಿಯಾಗುವ ಮುನ್ನ ಸಿಗುವುದು ಕೆಲವೇ ನಿಮಿಷ. ಅಂಚು ಚರ್ಮಕ್ಕೆ ಒತ್ತಿದರೆ ಹುಣ್ಣಾಗುತ್ತದೆ, ಆದ್ದರಿಂದ ತೊಡಿಸಿ ಸ್ವಲ್ಪ ಹೊತ್ತಿನ ಮೇಲೆ ತೆಗೆದು ಕೆಂಪು ಗುರುತುಗಳನ್ನು ನೋಡುವುದು ಕಡ್ಡಾಯ.

ಕ್ಷೇತ್ರ ತರಬೇತಿ

ಅಮೆರಿಕದ ಕೋರ್ಸುಗಳಲ್ಲಿ ಎರಡನೆಯ ಹಂತದ ತರಬೇತಿಯೇ ಕನಿಷ್ಠ 24 ವಾರಗಳ ಪೂರ್ಣಾವಧಿಯ ಕೆಲಸ. ಬೇರೆಡೆ ಇದನ್ನು ಹಲವು ತುಂಡುಗಳಾಗಿ ಹಂಚಿರುತ್ತಾರೆ. ಹೇಗಿದ್ದರೂ ಗಂಟೆಗಳ ದಾಖಲೆಯನ್ನು ಅಂದಂದೇ ಬರೆದು, ಮೇಲ್ವಿಚಾರಕರ ಸಹಿ ಪಡೆದು, ಪ್ರತಿ ಇಟ್ಟುಕೊಳ್ಳಿ. ಹಲವು ವರ್ಷಗಳ ನಂತರ ಬೇರೊಂದು ದೇಶದ ಮಂಡಳಿ ಅದನ್ನು ಕೇಳಬಹುದು, ಆಗ ವಿಭಾಗದ ಕಚೇರಿಯಲ್ಲಿ ಹುಡುಕಿಸುವುದು ದೊಡ್ಡ ತಲೆನೋವು.

ತರಬೇತಿಯಲ್ಲಿ ಬಹುಪಾಲು ವಿದ್ಯಾರ್ಥಿಗಳು ಎಡವುವುದು ಟಿಪ್ಪಣಿ ಬರೆಯುವಲ್ಲಿ. “ರೋಗಿ ಚೆನ್ನಾಗಿ ಸಹಕರಿಸಿದರು” ಎಂಬ ವಾಕ್ಯದಿಂದ ಮರುದಿನ ಬರುವ ಥೆರಪಿಸ್ಟರಿಗೆ ಏನೂ ತಿಳಿಯುವುದಿಲ್ಲ. “ಮಂಚದ ಅಂಚಿನಲ್ಲಿ ಕುಳಿತು, ಒಮ್ಮೆ ಬಾಯಿಮಾತಿನ ಸೂಚನೆ ಪಡೆದು, ಎಡತೋಳನ್ನು ತಾವೇ ತೂರಿಸಿದರು, ಗುಂಡಿಗಳಿಗೆ ನೆರವು ಬೇಕಾಯಿತು” ಎಂದು ಬರೆದರೆ ಮುಂದಿನ ಹೆಜ್ಜೆ ಅದರಲ್ಲಿಯೇ ಇದೆ. ಗುರಿಗಳೂ ಹಾಗೆಯೇ. ಕೈಬಲ ಹೆಚ್ಚಿಸುವುದು ಎಂಬುದು ಇಲ್ಲಿ ಗುರಿಯಾಗುವುದಿಲ್ಲ. ಎರಡು ವಾರಗಳೊಳಗೆ ಒಂದು ಲೋಟ ನೀರನ್ನು ಚೆಲ್ಲದೆ ಎತ್ತಿ ಕುಡಿಯುವುದು ಗುರಿಯಾಗುತ್ತದೆ.

ಹೊಸ ಕೌಶಲವನ್ನು ಕಲಿಸುವಾಗ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬರುವ ಕ್ರಮವನ್ನು ಪ್ರಯೋಗಿಸಿ ನೋಡಿ. ಜಿಪ್ ಹಾಕಲು ಕಲಿಯುವ ಮಗುವಿಗೆ ಬುಡದಲ್ಲಿ ಸೇರಿಸುವ ಕಷ್ಟದ ಭಾಗವನ್ನು ನೀವೇ ಮಾಡಿ, ಮೇಲಕ್ಕೆ ಎಳೆಯುವ ಕೊನೆಯ ಭಾಗವನ್ನಷ್ಟೇ ಅದಕ್ಕೆ ಬಿಡುವುದು. ಪ್ರತಿ ಸಲವೂ ಕೆಲಸವನ್ನು ಮುಗಿಸಿದ ಹೆಮ್ಮೆ ಮಗುವಿಗೇ ಸಲ್ಲುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಬಹುದು.

ನೋಂದಣಿ

ಅನೇಕ ದೇಶಗಳಲ್ಲಿ ಪದವಿ ಕೈಗೆ ಬಂದರೂ ನೋಂದಣಿಯಾಗದೆ ಈ ವೃತ್ತಿಯ ಹೆಸರನ್ನು ಬಳಸುವಂತಿಲ್ಲ. ಬ್ರಿಟನ್ನಿನಲ್ಲಿ ಹೆಲ್ತ್ ಅಂಡ್ ಕೇರ್ ಪ್ರೊಫೆಶನ್ಸ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅಮೆರಿಕದಲ್ಲಿ ಎನ್.ಬಿ.ಸಿ.ಓ.ಟಿ. ಎಂಬ ಮಂಡಳಿಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಕೆಲಸ ಮಾಡಲಿರುವ ರಾಜ್ಯದ ಪರವಾನಗಿ ಪಡೆಯಬೇಕು. ಭಾರತದಲ್ಲಿ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆಯು ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಬೇರೆ ದೇಶಕ್ಕೆ ಹೋಗುವ ಯೋಚನೆ ಇರುವವರು ಪಠ್ಯಕ್ರಮದ ವಿವರ, ಅಂಕಪಟ್ಟಿ, ತರಬೇತಿಯ ಗಂಟೆಗಳ ಪತ್ರ ಇವನ್ನು ಕಾಲೇಜು ಬಿಡುವ ಮೊದಲೇ ಮುದ್ರೆಯೊತ್ತಿಸಿ ಪಡೆದುಕೊಳ್ಳಬೇಕು. ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗಬಹುದು. ವಿಶ್ವ ಒಕ್ಕೂಟದ ಅನುಮೋದನೆಯಿರುವ ಪದವಿ ದಾರಿಯನ್ನು ಸುಗಮಗೊಳಿಸುತ್ತದೆ, ಆದರೆ ಅದೇ ಪರವಾನಗಿಯಲ್ಲ.

ಎಲ್ಲೆಲ್ಲಿ ಕೆಲಸ

ಹೆಚ್ಚಿನವರು ಆಸ್ಪತ್ರೆಯಿಂದ ಆರಂಭಿಸುತ್ತಾರೆ. ಪಾರ್ಶ್ವವಾಯು, ಬೆನ್ನುಹುರಿಯ ಗಾಯ, ತಲೆಗೆ ಬಿದ್ದ ಪೆಟ್ಟು, ಸುಟ್ಟ ಗಾಯ, ಸೊಂಟದ ಕೀಲು ಬದಲಾವಣೆ, ಹೀಗೆ ಕಡಿಮೆ ಸಮಯದಲ್ಲಿ ಅನೇಕ ಬಗೆಯ ರೋಗಿಗಳನ್ನು ಕಾಣಬಹುದು. ಒತ್ತಡವೂ ಅಷ್ಟೇ ಇರುತ್ತದೆ, ಏಕೆಂದರೆ ರೋಗಿ ಮನೆಗೆ ಹೋಗಬಹುದೇ ಎಂಬ ಪ್ರಶ್ನೆಗೆ ವೈದ್ಯರ ತಂಡ ನಿಮ್ಮ ಅಭಿಪ್ರಾಯಕ್ಕಾಗಿ ಕಾಯುತ್ತಿರುತ್ತದೆ. ಮನೆಗೇ ಹೋಗಿ ನೋಡುವ ಸಮುದಾಯದ ಹುದ್ದೆಗಳಲ್ಲಿ ಅಳತೆಪಟ್ಟಿಯೇ ಮುಖ್ಯ ಸಾಧನ. ಗಾಲಿಕುರ್ಚಿ ಸಲೀಸಾಗಿ ದಾಟಲು ಬಾಗಿಲಲ್ಲಿ ಸುಮಾರು 80 ಸೆಂಟಿಮೀಟರ್ ತೆರವಿರಬೇಕು. ಇಳಿಜಾರನ್ನು 1ಕ್ಕೆ 12ರ ಪ್ರಮಾಣದಲ್ಲಿ ಕಟ್ಟುವುದು ರೂಢಿಯಾದ್ದರಿಂದ 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿಗೂ 180 ಸೆಂಟಿಮೀಟರ್ ಉದ್ದದ ಜಾಗ ಬೇಕಾಗುತ್ತದೆ. ಆ ಜಾಗ ಇಲ್ಲದ ಮನೆಯಲ್ಲಿ ಏನು ಮಾಡುವುದು ಎಂಬಲ್ಲಿಂದ ನಿಜವಾದ ಕೆಲಸ ಶುರುವಾಗುತ್ತದೆ.

ಮಕ್ಕಳ ಕ್ಷೇತ್ರದಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕೆಯ ತೊಂದರೆ, ಬರವಣಿಗೆಯ ತೊಂದರೆ ಇರುವವರು ಬರುತ್ತಾರೆ. ಸ್ವತಃ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದ ಜೀನ್ ಏರ್ಸ್ ರೂಪಿಸಿದ ಸಂವೇದನಾ ಸಮನ್ವಯ ಸಿದ್ಧಾಂತ, ಅಂದರೆ ಸ್ಪರ್ಶ, ಚಲನೆ ಮುಂತಾದ ಸಂವೇದನೆಗಳನ್ನು ಮೆದುಳು ಹೊಂದಿಸಿಕೊಳ್ಳುವ ಬಗೆ ಮಗುವಿನ ಕಲಿಕೆ ಮತ್ತು ನಡವಳಿಕೆಗೆ ಆಧಾರವೆಂಬ ವಿಚಾರ, ಇಲ್ಲಿ ಬಹಳ ಪ್ರಚಲಿತ. ಉಯ್ಯಾಲೆ, ದೊಡ್ಡ ಚೆಂಡು, ಭಾರದ ಹೊದಿಕೆಗಳಿರುವ ಕೊಠಡಿಗಳು ಪೋಷಕರನ್ನು ಸೆಳೆಯುತ್ತವೆ, ಆದರೆ ಯಾವ ಮಕ್ಕಳಿಗೆ ಅದು ಎಷ್ಟು ಉಪಯುಕ್ತ ಎಂಬ ಚರ್ಚೆ ಇನ್ನೂ ನಡೆದೇ ಇದೆ. ಆದ್ದರಿಂದ ಉಪಕರಣಗಳನ್ನು ನೋಡಿ ಮರುಳಾಗದೆ, ಮಗು ಮನೆಯಲ್ಲಿ ಮತ್ತು ಶಾಲೆಯಲ್ಲಿ ಏನು ಮಾಡಲು ಕಲಿಯಿತು ಎಂದು ಅಳೆಯುವ ಕೇಂದ್ರದಲ್ಲಿ ಕೆಲಸಕ್ಕೆ ಸೇರುವುದು ಲೇಸು. ಸ್ವಂತ ಕ್ಲಿನಿಕ್ ತೆರೆಯುವವರಲ್ಲಿ ಬಹಳಷ್ಟು ಮಂದಿ ಈ ಕ್ಷೇತ್ರದವರು.

ಮಾನಸಿಕ ಆರೋಗ್ಯವನ್ನು ವಿದ್ಯಾರ್ಥಿಗಳು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದನ್ನು ಕಂಡರೆ ಬೇಸರವಾಗುತ್ತದೆ, ಏಕೆಂದರೆ ವೃತ್ತಿಯ ಬೇರು ಇರುವುದೇ ಅಲ್ಲಿ. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಮೊದಲ ರಾಷ್ಟ್ರೀಯ ಸಂಘವನ್ನು ಕಟ್ಟಿದವರಲ್ಲಿ ಮನೋವೈದ್ಯ ವಿಲಿಯಂ ರಷ್ ಡಂಟನ್ ಮತ್ತು ಮಾನಸಿಕ ರೋಗಿಗಳಿಗೆ ದಿನಚರಿಯ ಅಭ್ಯಾಸಗಳನ್ನು ಕಲಿಸುವ ವಿಧಾನವನ್ನು ಬೆಳೆಸಿದ ಎಲಿನರ್ ಕ್ಲಾರ್ಕ್ ಸ್ಲೇಗಲ್ ಇದ್ದರು. ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುತ್ತಿರುವ ಯುವಕನಿಗೆ ಬೆಳಿಗ್ಗೆ ಏಳುವುದು, ಹಣ ಲೆಕ್ಕ ಹಾಕುವುದು, ಕೆಲಸದ ಜಾಗದಲ್ಲಿ ಎರಡು ಗಂಟೆ ಕುಳಿತಿರುವುದು, ಇವೆಲ್ಲ ಔಷಧದಿಂದ ಮಾತ್ರ ಬರುವಂಥವಲ್ಲ.

ಕೈ ಚಿಕಿತ್ಸೆ ಒಂದು ಪ್ರತ್ಯೇಕ ವಿಶೇಷತೆಯಾಗಿ ಬೆಳೆದಿದೆ. ಅಮೆರಿಕದಲ್ಲಿ ಅದರ ಪ್ರಮಾಣಪತ್ರದ ಪರೀಕ್ಷೆಗೆ ಕುಳಿತುಕೊಳ್ಳಲು ಮೂರು ವರ್ಷಗಳ ವೃತ್ತಿ ಅನುಭವವೂ ಕೈ ಚಿಕಿತ್ಸೆಯಲ್ಲಿಯೇ 4000 ಗಂಟೆಗಳ ನೇರ ಕೆಲಸವೂ ಬೇಕು. ಇವಲ್ಲದೆ ವಾಹನ ಚಾಲನೆಯ ಮೌಲ್ಯಮಾಪನ, ಕಾರ್ಖಾನೆ ಮತ್ತು ಕಚೇರಿಗಳಲ್ಲಿ ಕೆಲಸದ ಭಂಗಿಯ ಸಲಹೆ, ವಿಮಾ ಸಂಸ್ಥೆಗಳಲ್ಲಿ ಕೆಲಸದ ಸಾಮರ್ಥ್ಯದ ಅಳತೆ, ಸಹಾಯಕ ಸಾಧನಗಳ ವಿನ್ಯಾಸ, ಬೋಧನೆ, ಸಂಶೋಧನೆ, ಇವೂ ದಾರಿಗಳೇ. ಆದರೆ ಇವುಗಳಿಗೆ ಸಾಮಾನ್ಯವಾಗಿ ಕೆಲವು ವರ್ಷಗಳ ಅನುಭವ ಇರುವವರನ್ನೇ ಕರೆಯುತ್ತಾರೆ.

ಮೊದಲ ಕೆಲಸ

ಮೊದಲ ಹುದ್ದೆಯನ್ನು ಸಂಬಳದಿಂದ ಮಾತ್ರ ಅಳೆಯಬೇಡಿ. ಕೆಲವು ತಿಂಗಳಿಗೊಮ್ಮೆ ವಿಭಾಗ ಬದಲಾಗುವ ಹುದ್ದೆಗಳು ಸಿಕ್ಕರೆ ಅವನ್ನೇ ಹಿಡಿಯಿರಿ, ಏಕೆಂದರೆ ಇಷ್ಟವಾದ ಕ್ಷೇತ್ರ ಯಾವುದೆಂದು ಓದುವಾಗ ತಿಳಿದುಕೊಂಡಂತೆ ಅನಿಸಿದರೂ ಕೆಲಸಕ್ಕೆ ಇಳಿದ ಮೇಲೆ ಅದು ಬದಲಾಗುವುದು ಸಾಮಾನ್ಯ. ಬೆನ್ನನ್ನು ಕಾಪಾಡಿಕೊಳ್ಳುವ ವಿಷಯದಲ್ಲಿ ಮೊದಲ ದಿನದಿಂದಲೇ ಕಟ್ಟುನಿಟ್ಟಾಗಿರಿ. ರೋಗಿಗಳನ್ನು ದಾಟಿಸುವಾಗ ಒಬ್ಬರೇ ಎತ್ತಿ ನೋವು ತಂದುಕೊಂಡ ಥೆರಪಿಸ್ಟರು ಎಲ್ಲೆಡೆಯೂ ಇದ್ದಾರೆ. ಸಂದರ್ಶನದ ಕೊನೆಯಲ್ಲಿ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ನನ್ನ ಕೆಲಸವನ್ನು ನೋಡಿಕೊಳ್ಳುವ ಹಿರಿಯ ಆಕ್ಯುಪೇಶನಲ್ ಥೆರಪಿಸ್ಟ್ ಯಾರು, ಅವರು ವಾರದಲ್ಲಿ ಎಷ್ಟು ಹೊತ್ತು ನನಗೆ ಸಿಗುತ್ತಾರೆ? ಹಾಗೆ ಯಾರೂ ಇಲ್ಲ, ನೀವೇ ವಿಭಾಗವನ್ನು ಕಟ್ಟಬಹುದು ಎಂಬ ಉತ್ತರ ಬಂದರೆ, ಸಂಬಳ ಎಷ್ಟೇ ಇರಲಿ, ಆ ಹುದ್ದೆಯನ್ನು ಎರಡು ಮೂರು ವರ್ಷಗಳ ಅನುಭವದ ನಂತರಕ್ಕೆ ಬಿಡುವುದೇ ಸರಿ.